ಎರಡು ಸ್ಮಾರಕಗಳು, ಎರಡು ಯುಗಗಳು: ಗುಂಡ್ಲುಪೇಟೆ ಮತ್ತು ಚಾಮರಾಜನಗರ

೧. ಪೀಠಿಕೆ

ಆಧುನಿಕ ಯುಗದ ಆರಂಭವನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ನಾಲ್ಕು ಮಹಾಘಟನೆಗಳನ್ನು ಕ್ರಮವಾಗಿ ಹೇಳುವುದು ರೂಢಿ. ಮೊದಲನೆಯದು ಸಮುದ್ರಯಾನಗಳು, ಎರಡನೆಯದು ಅವುಗಳ ಬೆನ್ನಿಗೆ ಬೆಳೆದ ಸಾಮ್ರಾಜ್ಯಗಳು, ಮೂರನೆಯದು ಫ್ರಾನ್ಸಿನ ಮಹಾಕ್ರಾಂತಿ, ಕೊನೆಯದು ಕೈಗಾರಿಕಾ ಕ್ರಾಂತಿ. ಈ ಪಾಠವನ್ನು ಕೇಳಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ನಿಲ್ಲುವ ಊರುಗಳು ಲಿಸ್ಬನ್, ಲಂಡನ್, ಪ್ಯಾರಿಸ್, ಮ್ಯಾಂಚೆಸ್ಟರ್. ತನ್ನ ಊರಿಗೂ ಈ ಕಥೆಗೂ ಏನು ಸಂಬಂಧವೆಂದು ಅವನು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಸ್ಥಳೀಯ ಇತಿಹಾಸವೆಂಬುದು ದೇವಸ್ಥಾನ ಶಾಸನಗಳ ಪಟ್ಟಿಯಾಗಿಯೂ, ವಿಶ್ವದ ಇತಿಹಾಸವೆಂಬುದು ಪರದೇಶಗಳ ವೃತ್ತಾಂತವಾಗಿಯೂ ಬೇರೆಬೇರೆಯಾಗಿ ಉಳಿದುಬಿಡುತ್ತವೆ.

ಈ ಎರಡನ್ನೂ ಒಂದೆಡೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಮೈಸೂರು ಸೀಮೆಯ ದಕ್ಷಿಣದ ಅಂಚಿನಲ್ಲಿರುವ ಗುಂಡ್ಲುಪೇಟೆ ಮತ್ತು ಚಾಮರಾಜನಗರಗಳನ್ನು ಆರಿಸಿಕೊಂಡಿದೆ. ಈ ಎರಡು ಊರುಗಳೂ ಇಂದಿನ ಹೆಸರನ್ನು ಪಡೆದ ಬಗೆಯಲ್ಲಿ ಒಂದು ಸಾಮ್ಯವುಂಟು. ಎರಡೂ ಕಡೆ ಮೈಸೂರಿನ ಒಡೆಯರೊಬ್ಬರು ತಮ್ಮ ತಂದೆಯ ನೆನಪಿಗಾಗಿ ದೇವಾಲಯವನ್ನು ಕಟ್ಟಿಸಿದರು. ಗುಂಡ್ಲುಪೇಟೆಯಲ್ಲಿ ಸುಮಾರು ೧೬೭೪ರಲ್ಲಿ ಚಿಕ್ಕದೇವರಾಜ ಒಡೆಯರು ಪರವಾಸುದೇವಸ್ವಾಮಿಯ ಗುಡಿಯನ್ನು ಕಟ್ಟಿಸಿದರು. ಅರಿಕುಠಾರವೆಂಬ ಊರಿಗೆ ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜನಗರವೆಂದು ಹೆಸರಿಟ್ಟು, ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಎರಡು ಗುಡಿಗಳ ನಡುವಣ ಕಾಲ ಸುಮಾರು ನೂರೈವತ್ತು ವರ್ಷ. ಎರಡು ಊರುಗಳ ನಡುವಣ ದಾರಿ ಒಂದು ದಿನದ ಪಯಣ. ಪಿತೃಭಕ್ತಿಯು ಒಂದೇ, ವಂಶವೂ ಒಂದೇ. ಆದರೆ ಮೊದಲನೆಯ ಮಗನು ಮಾಡಬಹುದಾಗಿದ್ದ ಕೆಲಸಗಳಲ್ಲಿ ಹಲವನ್ನು ಎರಡನೆಯ ಮಗನು ಮಾಡುವಂತಿರಲಿಲ್ಲ. ಈ ಅಂತರವನ್ನು ಅಳೆದರೆ ಆಧುನಿಕ ಯುಗವು ಕನ್ನಡನಾಡಿನ ಅರಸೊತ್ತಿಗೆಗೆ ಏನು ಮಾಡಿತೆಂಬುದು ವಿಶದವಾಗುವುದು.

೨. ಕಣಿವೆಯ ದಾರಿಗಳು

ಈ ಪ್ರದೇಶವು ಒಳನಾಡೆಂದು ಭೂಪಟದಲ್ಲಿ ಕಾಣುವುದಾದರೂ ಸಮುದ್ರದಿಂದ ದೂರವಾದುದಲ್ಲ. ಗುಂಡ್ಲುಪೇಟೆಯಿಂದ ನೈಋತ್ಯಕ್ಕೆ ಹೊರಟ ದಾರಿಯು ವಯನಾಡನ್ನು ಹಾದು, ತಾಮರಶ್ಶೇರಿ ಘಟ್ಟವನ್ನು ಇಳಿದು, ಕಲ್ಲಿಕೋಟೆಯನ್ನು ಮುಟ್ಟುವುದು. ದಕ್ಷಿಣದ ದಾರಿಯು ಬಂಡೀಪುರದ ಕಾಡಿನ ಮೂಲಕ ನೀಲಗಿರಿಗೆ ಏರುವುದು. ಚಾಮರಾಜನಗರದಿಂದ ಹಾಸನೂರಿನ ಮೇಲೆ ಇಳಿದರೆ ಸತ್ಯಮಂಗಲ, ಅಲ್ಲಿಂದ ಕೊಯಮತ್ತೂರು. ಇವಲ್ಲದೆ ಮೋಯಾರ್ ಹೊಳೆಯ ಬಳಿಯ ಗಜ್ಜಲಹಟ್ಟಿ ಕಣಿವೆಯು ಹಿಂದಿನ ಕಾಲದಲ್ಲಿ ಸೇನೆಗಳ ರಾಜಮಾರ್ಗವಾಗಿದ್ದಿತು. ಹೀಗೆ ಮಲೆಯಾಳದ ಕರಾವಳಿಗೂ ಕೊಂಗುನಾಡಿಗೂ ಮೈಸೂರು ಪ್ರಸ್ಥಭೂಮಿಗೂ ಇದು ಬಾಗಿಲು. ಸಮುದ್ರದ ಮೇಲೆ ನಡೆದ ವ್ಯತ್ಯಾಸಗಳೆಲ್ಲ ಸ್ವಲ್ಪ ತಡವಾಗಿಯಾದರೂ ಈ ಬಾಗಿಲನ್ನು ತಟ್ಟಿದವು.

ವಾಸ್ಕೊ ಡ ಗಾಮನು ೧೪೯೮ರ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಸೇರಿದಾಗ ಈ ಸೀಮೆಯಲ್ಲಿ ಉಮ್ಮತ್ತೂರಿನ ಪಾಳೆಯಗಾರರು ಪ್ರಬಲರಾಗಿದ್ದರು. ೧೫೧೦ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದನು. ಅದೇ ಸುಮಾರಿಗೆ ವಿಜಯನಗರದ ಕೃಷ್ಣದೇವರಾಯನು ಉಮ್ಮತ್ತೂರನ್ನು ಮುರಿದನು. ಎರಡು ಘಟನೆಗಳಿಗೆ ನೇರವಾದ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಇವೆರಡೂ ಸಮಕಾಲೀನವೆಂಬುದನ್ನು ವಿದ್ಯಾರ್ಥಿಯು ನೆನಪಿಡುವುದು ಒಳ್ಳೆಯದು. ಅಂದು ಉಮ್ಮತ್ತೂರಿನವರಿಗೆ ಭಯವಿದ್ದುದು ಹಂಪೆಯಿಂದ, ಲಿಸ್ಬನ್ನಿನಿಂದಲ್ಲ.

ಆದರೂ ಸಮುದ್ರಯಾನದ ಮೊದಲನೆಯ ಫಲವು ಸೈನ್ಯಕ್ಕಿಂತ ಮೊದಲೇ ಹೊಲಕ್ಕೆ ಬಂದಿತು. ಅಮೆರಿಕ ಖಂಡದ ಸಸ್ಯಗಳು ಪೋರ್ಚುಗೀಸರ ರೇವುಗಳಿಂದ ಒಳನಾಡಿಗೆ ಹಬ್ಬಿದವು. ಮೆಣಸನ್ನು ಅರಸುತ್ತ ಹೊರಟವರು ಹೊಸ ಖಂಡದಲ್ಲಿ ಕಂಡ ಖಾರದ ಕಾಯಿಯನ್ನು ನಮ್ಮ ಜನರು ಮೆಣಸಿನಕಾಯಿ ಎಂದು ಕರೆದರು. ಹಳೆಯ ಮೆಣಸಿಗೆ ‘ಕರಿ’ ಎಂದೋ ‘ಒಳ್ಳೆಯ’ ಎಂದೋ ವಿಶೇಷಣ ಸೇರಿಸಬೇಕಾಯಿತು. ಹೊಗೆಸೊಪ್ಪು, ಮುಸುಕಿನ ಜೋಳ, ನೆಲಗಡಲೆ, ಸೀಬೆ ಇವೂ ಹಾಗೆಯೇ ಬಂದವು. ಪರಂಗಿ ಹಣ್ಣಿನ ಹೆಸರಿನಲ್ಲಿಯಂತೂ ಅದನ್ನು ತಂದ ಪರಂಗಿಯವನು ಇಂದಿಗೂ ಉಳಿದುಕೊಂಡಿದ್ದಾನೆ. ಉದಕಮಂಡಲದ ದಾರಿಯಲ್ಲಿ ಹೋಗುವವರು ಗುಂಡ್ಲುಪೇಟೆಯ ಸುತ್ತ ಕಂಡು ಮೆಚ್ಚುವ ಚೆಂಡುಹೂವಿನ ಹೊಲಗಳೂ ಸೂರ್ಯಕಾಂತಿಯ ಹೊಲಗಳೂ ಅಮೆರಿಕದ ಮೂಲದವೇ. ಸೂರ್ಯಕಾಂತಿಯು ಎಣ್ಣೆಬೆಳೆಯಾಗಿ ಇಲ್ಲಿಗೆ ಬಂದುದು ಮಾತ್ರ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

೩. ಗುಂಡ್ಲುಪೇಟೆ: ಸ್ವತಂತ್ರ ದೊರೆಯ ಸ್ಮಾರಕ

ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಕೆಲವೇ ವರ್ಷಗಳಲ್ಲಿ ಉಮ್ಮತ್ತೂರು, ತೆರಕಣಾಂಬಿ, ಹರದನಹಳ್ಳಿ ಮೊದಲಾದ ನೆಲೆಗಳು ಮೈಸೂರಿಗೆ ಸೇರಿದವು. ೧೬೭೩ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರಿಗೆ ಈ ಸೀಮೆಯು ಹೊಸದಲ್ಲ. ಪಟ್ಟವೇರುವ ಮುನ್ನ ಅವರು ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ಇದ್ದವರು. ಅವರ ಮಂತ್ರಿ ವಿಶಾಲಾಕ್ಷ ಪಂಡಿತರು ಯಳಂದೂರಿನವರು; ಅವರ ಆಸ್ಥಾನದ ಕವಯಿತ್ರಿ ಸಂಚಿಯ ಹೊನ್ನಮ್ಮನೂ ಯಳಂದೂರಿನವಳೇ. ಮೈಸೂರಿನ ಅರಸೊತ್ತಿಗೆಯ ಮಹೋನ್ನತ ಕಾಲಕ್ಕೆ ಬೇಕಾದ ಜನರನ್ನು ಈ ದಕ್ಷಿಣದ ಮೂಲೆಯು ಒದಗಿಸಿತೆಂಬುದು ಗಮನಾರ್ಹ.

ವಿಜಯಪುರವೆಂಬ ಪ್ರಾಚೀನ ನಾಮವಿದ್ದ ಹಳೆಯ ಊರಿನ ಸ್ಥಳದಲ್ಲಿ, ಕೌಂಡಿನಿ ಎಂದು ಹೆಸರಾದ ಗುಂಡ್ಲು ಹೊಳೆಯ ದಡದಲ್ಲಿ, ಚಿಕ್ಕದೇವರಾಜರು ತಂದೆ ದೊಡ್ಡದೇವರಾಜರ ಸದ್ಗತಿಗಾಗಿ ಪರವಾಸುದೇವರ ಗುಡಿಯನ್ನು ಕಟ್ಟಿಸಿದರು. ಅದರೊಡನೆ ಅಗ್ರಹಾರವನ್ನು ಕಲ್ಪಿಸಿದರು, ಕೋಟೆಯನ್ನು ಎತ್ತಿಸಿದರು, ಪೇಟೆಯನ್ನು ನೆಲೆಗೊಳಿಸಿದರು. ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು. ಗುಡಿಯು ತಂದೆಗಾಗಿ, ಅಗ್ರಹಾರವು ಧರ್ಮಕ್ಕಾಗಿ. ಆದರೆ ಕೋಟೆಯು ಮಲೆಯಾಳದ ದಾರಿಯನ್ನು ಕಾಯುವುದಕ್ಕಾಗಿ, ಪೇಟೆಯು ಆ ದಾರಿಯಲ್ಲಿ ನಡೆಯುವ ವ್ಯಾಪಾರದಿಂದ ಸುಂಕ ಬರುವುದಕ್ಕಾಗಿ. ಪಿತೃಸ್ಮರಣೆಯೂ ರಾಜನೀತಿಯೂ ಇಲ್ಲಿ ಬೇರೆಯಾಗಿರಲಿಲ್ಲ. ದೊರೆಯ ಒಂದೇ ಅಪ್ಪಣೆಯಲ್ಲಿ ಎರಡೂ ನಡೆದವು. ಅದಕ್ಕಾಗಿ ಅವನು ಮತ್ತೊಬ್ಬರ ಅನುಮತಿಯನ್ನು ಕೇಳಬೇಕಾಗಿರಲಿಲ್ಲ.

ಚಿಕ್ಕದೇವರಾಜರ ಆಳ್ವಿಕೆಯನ್ನು ಆ ಕಾಲದ ಪ್ರಪಂಚದೊಡನೆ ಹೋಲಿಸಿದರೆ ಇನ್ನೊಂದು ಸಂಗತಿ ಹೊಳೆಯುವುದು. ೧೬೭೪ರಲ್ಲಿಯೇ ರಾಯಗಡದಲ್ಲಿ ಶಿವಾಜಿಯ ಪಟ್ಟಾಭಿಷೇಕವಾಯಿತು. ಅದೇ ವರ್ಷ ಫ್ರಾನ್ಸುವಾ ಮಾರ್ಟಿನ್ ಎಂಬಾತನು ಪುದುಚೇರಿಯಲ್ಲಿ ಫ್ರೆಂಚರ ನೆಲೆಯನ್ನು ಸ್ಥಾಪಿಸಿದನು. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯು ಮಂತ್ರಿ ಕೊಲ್ಬೆರನ ಸಹಾಯದಿಂದ ಬೊಕ್ಕಸವನ್ನೂ ಇಲಾಖೆಗಳನ್ನೂ ಕ್ರಮಗೊಳಿಸುತ್ತಿದ್ದನು. ಮೈಸೂರಿನಲ್ಲಿಯೂ ಅದೇ ಬಗೆಯ ಕೆಲಸ ನಡೆಯುತ್ತಿದ್ದಿತು. ಚಿಕ್ಕದೇವರಾಜರು ಅಂಚೆಯನ್ನು ಏರ್ಪಡಿಸಿದರು. ೧೬೮೭ರಲ್ಲಿ ಬೆಂಗಳೂರನ್ನು ಮೂರು ಲಕ್ಷಕ್ಕೆ ಕೊಂಡರು. ಔರಂಗಜೇಬನಲ್ಲಿಗೆ ಕಳುಹಿಸಿದ ರಾಯಭಾರವು ಹಿಂತಿರುಗಿದ ಮೇಲೆ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಬೆಳಗಿನ ಉಪಾಹಾರಕ್ಕೆ ಮುನ್ನ ಪ್ರತಿದಿನವೂ ಎರಡು ಚೀಲ ಹೊನ್ನು ಬೊಕ್ಕಸಕ್ಕೆ ಸೇರಬೇಕೆಂಬುದು ಅವರ ನಿಯಮವಾಗಿದ್ದಿತೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ‘ನವಕೋಟಿ ನಾರಾಯಣ’ ಎಂಬ ಬಿರುದು ಹುಟ್ಟಿದುದು ಹೀಗೆ. ಈ ಹೊನ್ನು ರೈತನ ಹೊಲದಿಂದ ಬಂದುದೆಂಬುದನ್ನೂ, ಅವರ ತೆರಿಗೆಗಳಿಗೆ ಪ್ರಬಲವಾದ ವಿರೋಧ ಹುಟ್ಟಿತೆಂಬುದನ್ನೂ ಮರೆಯಬಾರದು. ಆದರೆ ಬಿಗಿಯಾದ ತೆರಿಗೆ, ಲಿಖಿತ ಆಡಳಿತ, ಕ್ರಮಬದ್ಧವಾದ ಸಂದೇಶವಾಹನ ಇವು ಆ ಶತಮಾನದ ಯೂರೋಪಿನಲ್ಲಿ ಮಾತ್ರ ಹುಟ್ಟಿದುವೆಂಬ ಎಣಿಕೆಯು ಸರಿಯಲ್ಲ. ೧೬೭೪ರಲ್ಲಿ ಮೈಸೂರು ಆಧುನಿಕ ಯುಗದ ಹೊರಗಿರಲಿಲ್ಲ. ತನ್ನದೇ ಹೆಜ್ಜೆಯಲ್ಲಿ ಅದರೊಳಗೆ ನಡೆಯುತ್ತಿದ್ದಿತು.

೪. ಅರಿಕುಠಾರದ ಶಿಶು

ಮುಂದಿನ ನೂರು ವರ್ಷಗಳಲ್ಲಿ ವ್ಯಾಪಾರಕ್ಕೆ ಬಂದ ಯೂರೋಪಿನ ಕಂಪನಿಗಳು ರಾಜ್ಯಗಳಾದವು. ಮೈಸೂರಿನಲ್ಲಿ ಅಧಿಕಾರವು ಒಡೆಯರಿಂದ ದಳವಾಯಿಗಳಿಗೂ, ೧೭೬೧ರಲ್ಲಿ ಹೈದರಾಲಿಗೂ ಹೋಯಿತು. ಅರಸರಿದ್ದರು, ಅರಸುತನವಿರಲಿಲ್ಲ. ೧೭೭೬ರಲ್ಲಿ ಸಿಂಹಾಸನ ತೆರವಾದಾಗ ಹೈದರನು ರಾಜಬಂಧುಗಳ ಮಕ್ಕಳನ್ನು ಒಂದೆಡೆ ಸೇರಿಸಿ, ಮುಂದೆ ಆಟಿಕೆ, ಹಣ್ಣು, ಆಯುಧಗಳನ್ನು ಹರಡಿಸಿದನೆಂದೂ, ಕಠಾರಿಯನ್ನು ಕೈಗೆತ್ತಿಕೊಂಡ ಮಗುವನ್ನು ದೊರೆಯೆಂದು ಆರಿಸಿದನೆಂದೂ ವಿಲ್ಕ್ಸ್ ಹೇಳುವ ಕಥೆಯುಂಟು. ಆ ಮಗು ೧೭೭೪ರಲ್ಲಿ ಅರಿಕುಠಾರದಲ್ಲಿ ಹುಟ್ಟಿದ ಚಾಮರಾಜ. ತಂದೆ ಅರಿಕುಠಾರದ ದೇವರಾಜೇ ಅರಸು. ಕಥೆಯ ವಿವರಗಳು ಹೇಗೇ ಇರಲಿ, ಎರಡು ವರ್ಷದ ಗ್ರಾಮೀಣ ಶಿಶುವೊಂದು ದಕ್ಷಿಣಭಾರತದ ಪ್ರಬಲ ರಾಜ್ಯದ ನಾಮಮಾತ್ರ ದೊರೆಯಾದುದು ಸತ್ಯ.

ಆ ಶಿಶು ಬೆಳೆಯುತ್ತಿದ್ದ ಕಾಲದಲ್ಲಿ ಅವನ ಹುಟ್ಟೂರಿನ ಸುತ್ತಣ ಕಣಿವೆಗಳು ಸೈನ್ಯಗಳ ದಾರಿಯಾದವು. ಒಂದನೆಯ ಯುದ್ಧದಲ್ಲಿ, ೧೭೬೮ರ ಕೊನೆಯಲ್ಲಿ, ಹೈದರನು ಘಟ್ಟವಿಳಿದು ಕೊಯಮತ್ತೂರು ಸೀಮೆಯನ್ನು ಮರಳಿ ಪಡೆದಿದ್ದನು. ೧೭೮೩ರಲ್ಲಿ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡು ಕೊಯಮತ್ತೂರುಗಳನ್ನು ಹಿಡಿದು, ಶ್ರೀರಂಗಪಟ್ಟಣದ ಮೇಲೆ ನಡೆಯಲು ಸಿದ್ಧನಾಗಿದ್ದಾಗ ಸಂಧಾನದ ಕಾರಣದಿಂದ ನಿಲ್ಲಬೇಕಾಯಿತು. ೧೭೯೦ರ ಸೆಪ್ಟೆಂಬರಿನಲ್ಲಿ ಟಿಪ್ಪುವು ಗಜ್ಜಲಹಟ್ಟಿ ಕಣಿವೆಯಲ್ಲಿ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನನ್ನು ಎದುರಿಸಿದನು. ವಯನಾಡಿನ ಗಣಪತಿವಟ್ಟವು ಸುಲ್ತಾನನ ಫಿರಂಗಿ ಠಾಣ್ಯದ ಕಾರಣದಿಂದ ಸುಲ್ತಾನ್ ಬತ್ತೇರಿ ಆಯಿತು. ಚಿಕ್ಕದೇವರಾಜರು ವ್ಯಾಪಾರಕ್ಕೆಂದು ಪೇಟೆ ಕಟ್ಟಿಸಿದ ದಾರಿಯು ಈಗ ಪಾಳೆಯದ ಹಾದಿಯಾಯಿತು.

ಇದೇ ಕಾಲದಲ್ಲಿ ಅರಮನೆಯೊಳಗೆ ಮತ್ತೊಂದು ಹೋರಾಟ ನಡೆಯುತ್ತಿದ್ದಿತು. ಚಾಮರಾಜರನ್ನು ದತ್ತು ತೆಗೆದುಕೊಂಡಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ವಂಶದ ಅಧಿಕಾರವನ್ನು ಮರಳಿ ಪಡೆಯಲು ಇಂಗ್ಲಿಷರೊಡನೆ ಗುಪ್ತವಾಗಿ ವ್ಯವಹರಿಸಿದರು. ತಿರುಮಲರಾಯರ ಮೂಲಕ ೧೭೮೨ರಲ್ಲಿ ಒಂದು ಒಪ್ಪಂದವೂ ಆಯಿತು. ಅದು ಆಗ ಫಲಿಸಲಿಲ್ಲ. ಆದರೆ ಸ್ಥಳೀಯರು ಕೇವಲ ಪ್ರೇಕ್ಷಕರಾಗಿದ್ದರೆಂಬ ಭಾವನೆಯನ್ನು ಅಲ್ಲಗಳೆಯಲು ಇದೊಂದು ನಿದರ್ಶನ ಸಾಕು. ಸಾಮ್ರಾಜ್ಯವನ್ನು ಒಬ್ಬರು ಎದುರಿಸಿದರು, ಇನ್ನೊಬ್ಬರು ಬಳಸಿಕೊಳ್ಳಲು ಯತ್ನಿಸಿದರು. ಇಬ್ಬರಿಗೂ ಪಣವಾಗಿದ್ದುದು ಒಂದೇ ಸಿಂಹಾಸನ.

೫. ಕ್ರಾಂತಿ, ಸಿಡುಬು, ಪುನಃಸ್ಥಾಪನೆ

ಫ್ರಾನ್ಸಿನ ಕ್ರಾಂತಿಗೂ ಮೈಸೂರಿಗೂ ಇರುವ ಸಂಬಂಧವು ಪ್ರಸಿದ್ಧವಾದುದು. ಟಿಪ್ಪುವಿನ ರಾಯಭಾರಿಗಳು ೧೭೮೮ರಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಮರುವರ್ಷ ಕ್ರಾಂತಿಯು ಆರಂಭವಾಯಿತು. ಶ್ರೀರಂಗಪಟ್ಟಣದ ಫ್ರೆಂಚರು ೧೭೯೭ರಲ್ಲಿ ಕ್ರಾಂತಿಕಾರಿ ಸಂಘವೊಂದನ್ನು ಮಾಡಿಕೊಂಡರೆಂಬ ವರದಿಯ ಸತ್ಯಾಸತ್ಯತೆಯಲ್ಲಿ ವಿವಾದವಿದೆ. ಆದರೆ ಮಾರಿಷಸ್ಸಿಗೆ ಹೋದ ಟಿಪ್ಪುವಿನ ದೂತರ ಉದ್ದೇಶವನ್ನು ಅಲ್ಲಿಯ ಗವರ್ನರ್ ಮಲಾರ್ಟಿಕ್ ೧೭೯೮ರ ಜನವರಿಯಲ್ಲಿ ಬಹಿರಂಗವಾಗಿ ಸಾರಿದುದೂ, ದೊರೆತ ಸ್ವಯಂಸೇವಕರು ನೂರಕ್ಕೂ ಕಡಿಮೆಯಿದ್ದುದೂ ನಿಶ್ಚಿತ. ಈಜಿಪ್ಟನ್ನು ಹಿಡಿದ ನೆಪೋಲಿಯನ್ನನು ೧೭೯೯ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಬರೆದ ಪತ್ರವು ಇಂಗ್ಲಿಷರ ಕೈಸೇರಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪ ದೊರೆಯಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು.

ಆದರೆ ಅರಿಕುಠಾರದಲ್ಲಿ ಹುಟ್ಟಿದ ದೊರೆ ಇದನ್ನು ನೋಡಲಿಲ್ಲ. ಚಾಮರಾಜ ಒಡೆಯರು ೧೭೯೬ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಸಿಡುಬಿನಿಂದ ತೀರಿಕೊಂಡರು. ಟಿಪ್ಪುವು ಆ ಸ್ಥಾನಕ್ಕೆ ಮತ್ತೊಬ್ಬರನ್ನು ಕೂರಿಸಲಿಲ್ಲ. ಅದೇ ವರ್ಷದ ಮೇ ೧೪ರಂದು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನು ಎಂಟು ವರ್ಷದ ಬಾಲಕನ ತೋಳಿಗೆ ಗೋಸಿಡುಬಿನ ರಸವನ್ನು ಹಾಕಿ, ಸಿಡುಬನ್ನು ತಡೆಯುವ ಮಾರ್ಗವನ್ನು ಪರೀಕ್ಷಿಸಿದನು. ಆ ರಸವು ವಿಯೆನ್ನ, ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ತೋಳಿನಿಂದ ತೋಳಿಗೆ ಸಾಗಿ, ೧೮೦೨ರ ಜೂನ್ ತಿಂಗಳಲ್ಲಿ ಬೊಂಬಾಯಿಯ ಮೂರು ವರ್ಷದ ಬಾಲಕಿಯೊಬ್ಬಳನ್ನು ಮುಟ್ಟಿತು. ಮೈಸೂರಿನ ಅರಮನೆಯು ದೇವಿ ಹಾಕಿಸುವ ಈ ಹೊಸ ಪದ್ಧತಿಯನ್ನು ಬೇಗನೆ ಸ್ವೀಕರಿಸಿತು. ಸುಮಾರು ೧೮೦೫ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೂವರು ರಾಜಸ್ತ್ರೀಯರ ವರ್ಣಚಿತ್ರವಿದೆ. ಅದರಲ್ಲಿ ಒಬ್ಬಾಕೆ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ದೇವಿ ಹಾಕಿಸಿಕೊಂಡ ಗುರುತಿಗೆಂದೂ, ಆಕೆ ಮುಮ್ಮಡಿ ಕೃಷ್ಣರಾಜರ ಕಿರಿಯ ವಯಸ್ಸಿನ ರಾಣಿ ದೇವಾಜಮ್ಮಣ್ಣಿಯೆಂದೂ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ತಂದೆಯನ್ನು ಸಿಡುಬಿಗೆ ಕಳೆದುಕೊಂಡ ದೊರೆಯ ಮನೆಯಲ್ಲಿ ಈ ಚಿತ್ರಕ್ಕಿದ್ದ ಅರ್ಥವನ್ನು ಊಹಿಸುವುದು ಕಷ್ಟವಲ್ಲ. ಸಾಮ್ರಾಜ್ಯದ ದಾರಿಯಲ್ಲಿ ಫಿರಂಗಿಯೂ ಬಂದಿತು, ಪ್ರಾಣವನ್ನುಳಿಸುವ ವಿದ್ಯೆಯೂ ಬಂದಿತು; ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಡುವುದು ಇತಿಹಾಸವಾಗಲಾರದು.

೧೭೯೯ರ ಜೂನ್ ೩೦ರಂದು ಚಾಮರಾಜರ ಮಗ, ಐದು ವರ್ಷದ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಫ್ರಾನ್ಸಿನ ಕ್ರಾಂತಿಯ ಭೀತಿಯಿಂದ ನಡೆದ ಯುದ್ಧವು ಪ್ರಾಚೀನ ರಾಜವಂಶದ ಪುನಃಸ್ಥಾಪನೆಯಲ್ಲಿ ಮುಗಿಯಿತು. ಹದಿನೈದು ವರ್ಷಗಳ ತರುವಾಯ ಯೂರೋಪಿನ ರಾಜನೀತಿಜ್ಞರು ವಿಯೆನ್ನದಲ್ಲಿ ಸೇರಿ, ಪದಚ್ಯುತ ರಾಜವಂಶಗಳ ಹಕ್ಕೆಂಬ ತತ್ತ್ವವನ್ನು ಸಾರಿದರು. ಅದೇ ತತ್ತ್ವದ ಮಾತನ್ನು ಕುಂಪಣಿಯು ಮೈಸೂರಿನಲ್ಲಿ ಮೊದಲೇ ಆಡಿತ್ತು. ವ್ಯತ್ಯಾಸವಿಷ್ಟೆ: ವಿಯೆನ್ನದಲ್ಲಿ ಹಿಂತಿರುಗಿದ ದೊರೆಗಳಿಗೆ ಸೈನ್ಯವೂ ಹಿಂತಿರುಗಿತು, ಮೈಸೂರಿನ ದೊರೆಗೆ ಸಿಂಹಾಸನ ಮಾತ್ರ ಹಿಂತಿರುಗಿತು.

೬. ಚಾಮರಾಜನಗರ: ಅಧೀನ ದೊರೆಯ ಸ್ಮಾರಕ

೧೭೯೯ರ ಸಹಾಯಕ ಸೈನ್ಯದ ಒಪ್ಪಂದವನ್ನು ಓದದೆ ಚಾಮರಾಜನಗರದ ದೇವಾಲಯವನ್ನು ಅರ್ಥಮಾಡಿಕೊಳ್ಳಲಾಗುವುದಿಲ್ಲ. ಅದರ ಪ್ರಕಾರ ಮೈಸೂರು ಪ್ರತಿವರ್ಷವೂ ಏಳು ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕುಂಪಣಿಗೆ ಕೊಡಬೇಕು. ಪರರಾಜ್ಯಗಳೊಡನೆ ಪತ್ರವ್ಯವಹಾರವನ್ನು ಅನುಮತಿಯಿಲ್ಲದೆ ನಡೆಸಕೂಡದು. ಆಡಳಿತ ಕೆಟ್ಟಿತೆಂದು ತೋರಿದರೆ ಕುಂಪಣಿಯೇ ರಾಜ್ಯವನ್ನು ವಹಿಸಿಕೊಳ್ಳಬಹುದು. ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಮತ್ತೊಂದು ವಿಧಿ: ರಾಜ್ಯದ ಯಾವ ಕೋಟೆಯನ್ನು ಕೆಡವಬೇಕು, ಯಾವುದನ್ನು ಬಲಪಡಿಸಬೇಕು ಎಂಬುದನ್ನು ನಿರ್ಣಯಿಸುವ ಹಕ್ಕು ಕುಂಪಣಿಯೊಬ್ಬರದೇ.

೧೮೧೮ರಲ್ಲಿ ಪೇಶ್ವೆಯ ರಾಜ್ಯವು ಕೊನೆಗೊಂಡು ಕುಂಪಣಿಯು ಭಾರತದ ಸಾರ್ವಭೌಮಶಕ್ತಿಯಾಯಿತು. ಆ ಯುದ್ಧದಲ್ಲಿ ಮೈಸೂರಿನ ಸಿಲೇದಾರ ಕುದುರೆಗಳೂ ಕುಂಪಣಿಯ ಪಕ್ಷದಲ್ಲಿ ದುಡಿದವು. ಅದೇ ವರ್ಷ ಕೃಷ್ಣರಾಜರು ತಂದೆಯ ಹುಟ್ಟೂರಿಗೆ ತಂದೆಯ ಹೆಸರನ್ನಿಟ್ಟರು. ೧೮೨೬ರಲ್ಲಿ ಸಿದ್ಧವಾದ ದೇವಾಲಯದಲ್ಲಿ ಲಿಂಗಕ್ಕೆ ಚಾಮರಾಜೇಶ್ವರನೆಂದು ತಂದೆಯ ಹೆಸರು, ದೇವಿಗೆ ಕೆಂಪನಂಜಾಂಬ ಎಂದು ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು. ತಂದೆ ಹುಟ್ಟಿದ ಸ್ಥಳದಲ್ಲಿ ಜನನ ಮಂಟಪ. ಗುಂಡ್ಲುಪೇಟೆಯ ನಾಲ್ಕು ಅಂಗಗಳನ್ನು ನೆನೆದು ಇಲ್ಲಿ ಹುಡುಕಿದರೆ ಗುಡಿಯಿದೆ, ದಾನಧರ್ಮವಿದೆ, ಊರಿನ ಹೆಸರಿದೆ. ಕೃಷ್ಣರಾಜರ ನಿರ್ಮಾಣದಲ್ಲಿ ಕೋಟೆಗೆ ಮಾತ್ರ ಸ್ಥಾನವಿಲ್ಲ. ಚಿಕ್ಕದೇವರಾಜರ ಕೈಯಲ್ಲಿ ಒಂದಾಗಿದ್ದ ಅರಸುತನವು ಈಗ ಹೋಳಾಗಿತ್ತು. ದಂಡು, ಕೋಟೆ, ಪರರಾಷ್ಟ್ರ ವ್ಯವಹಾರ ಇವು ಕುಂಪಣಿಗೆ. ಪೂಜೆ, ನಾಮಕರಣ, ವಂಶದ ಸ್ಮರಣೆ ಇವು ದೊರೆಗೆ.

ಇಲ್ಲಿ ಒಂದು ಶಂಕೆ ಉಂಟಾಗಬಹುದು. ಕೋಟೆಗಳ ಕಾಲವೇ ಮುಗಿದಿದ್ದಿತು. ಫಿರಂಗಿಯ ಮುಂದೆ ಮಣ್ಣಿನ ಗೋಡೆ ನಿಲ್ಲದು. ಆದುದರಿಂದ ಕೋಟೆಯಿಲ್ಲದುದರಲ್ಲಿ ವಿಶೇಷವೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ನಾವು ಎಣಿಸುತ್ತಿರುವುದು ಗೋಡೆಯ ಬಲವನ್ನಲ್ಲ, ಗೋಡೆಯನ್ನು ಕಟ್ಟುವ ಅಥವಾ ಕಟ್ಟದಿರುವ ತೀರ್ಮಾನವು ಯಾರದೆಂಬುದನ್ನು. ೧೬೭೪ರಲ್ಲಿ ಅದು ದೊರೆಯದು; ೧೮೨೬ರಲ್ಲಿ ಅಲ್ಲ. ಐದೇ ವರ್ಷಗಳಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ನಗರ ಸೀಮೆಯ ರೈತರ ದಂಗೆಯನ್ನು ಕಾರಣವಾಗಿಟ್ಟುಕೊಂಡು, ಒಪ್ಪಂದದ ವಿಧಿಯ ಮೇರೆಗೆ, ಗವರ್ನರ್ ಜನರಲ್ ಬೆಂಟಿಂಕನು ೧೮೩೧ರಲ್ಲಿ ಆಡಳಿತವನ್ನು ಕೃಷ್ಣರಾಜರ ಕೈಯಿಂದ ತೆಗೆದುಕೊಂಡನು. ಅದು ರಾಜವಂಶಕ್ಕೆ ಮರಳಿದುದು ಐವತ್ತು ವರ್ಷಗಳ ಮೇಲೆ, ೧೮೮೧ರಲ್ಲಿ.

ಹೀಗೆಂದು ಎರಡನೆಯ ಸ್ಮಾರಕವನ್ನು ಕೀಳೆಂದು ಎಣಿಸಲಾಗದು. ಸ್ವತಂತ್ರ ದೊರೆ ಕಟ್ಟಿಸಿದ ಪರವಾಸುದೇವರ ಗುಡಿಯು ಬಹುಕಾಲ ಶಿಥಿಲಾವಸ್ಥೆಯಲ್ಲಿ ಉಳಿಯಿತು. ಅಧೀನ ದೊರೆ ಕಟ್ಟಿಸಿದ ಚಾಮರಾಜೇಶ್ವರನ ಗುಡಿಗಾದರೋ ಆಷಾಢದ ರಥೋತ್ಸವದಂದು ಸುತ್ತಣ ಹಳ್ಳಿಗಳ ನವದಂಪತಿಗಳು ಬಂದು ಸೇರುವುದು ರೂಢಿಯಾಯಿತು. ದಂಡಿನ ಅಧಿಕಾರವನ್ನು ಕಳೆದುಕೊಂಡ ಅರಸೊತ್ತಿಗೆಯು ಜನರ ಹಬ್ಬಹರಿದಿನಗಳಲ್ಲಿ ಬೇರೂರಿ ಬಾಳಿತು. ಇದನ್ನು ಸೋಲೆಂದು ಮಾತ್ರ ಹೇಳಿದರೆ ಅರ್ಧವನ್ನು ಹೇಳಿದಂತಾಗುವುದು.

೭. ಗಡಿ, ರೇಷ್ಮೆ, ಕಾಡು

ಸಾಮ್ರಾಜ್ಯವು ಊರುಗಳ ಹೆಸರನ್ನು ಮಾತ್ರವಲ್ಲ, ಅವುಗಳ ಸ್ಥಾನವನ್ನೂ ಬದಲಿಸಿತು. ೧೭೯೯ರ ವಿಭಜನೆಯಲ್ಲಿ ಕೊಯಮತ್ತೂರು ಸೀಮೆಯೂ, ೧೮೦೩ರ ಪೂರಕ ಒಪ್ಪಂದದಲ್ಲಿ ನಿಶ್ಚಿತವಾಗಿ ವಯನಾಡೂ ಕುಂಪಣಿಗೆ ಹೋದವು. ಎರಡು ಸೀಮೆಗಳಿಗೆ ಬಾಗಿಲಾಗಿದ್ದ ಗುಂಡ್ಲುಪೇಟೆ ಚಾಮರಾಜನಗರಗಳು ರಾಜ್ಯದ ಅಂಚಾದವು. ಕನ್ನಡವನ್ನಾಡುವ ಕೊಳ್ಳೇಗಾಲವು ಮದರಾಸು ಆಧಿಪತ್ಯಕ್ಕೆ ಸೇರಿ, ೧೯೫೬ರ ನವೆಂಬರ್ ೧ರವರೆಗೆ ಅಲ್ಲಿಯೇ ಉಳಿಯಿತು. ೧೯೯೭ರಲ್ಲಿ ಚಾಮರಾಜನಗರ ಜಿಲ್ಲೆ ರಚಿತವಾದಾಗ ಈ ತಾಲ್ಲೂಕುಗಳೆಲ್ಲ ಅದರಲ್ಲಿ ಸೇರಿದವು. ಅನ್ವೇಷಣೆಯೂ ಈಗ ಕಡಲಿನಿಂದ ನೆಲಕ್ಕೆ ಇಳಿಯಿತು. ಕಾಲಿನ್ ಮೆಕೆಂಜಿಯು ಮೈಸೂರಿನ ಭೂಮಾಪನವನ್ನು ಕೈಗೊಂಡನು. ವೆಲ್ಲೆಸ್ಲಿಯ ಆಜ್ಞೆಯಂತೆ ೧೮೦೦ರಲ್ಲಿ ಹೊರಟ ಫ್ರಾನ್ಸಿಸ್ ಬುಕಾನನ್ನನು ಬೆಳೆ, ಮಗ್ಗ, ಕುಲ, ತೆರಿಗೆಗಳನ್ನು ಊರೂರಿನಲ್ಲಿ ವಿಚಾರಿಸಿ ೧೮೦೭ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದನು. ತಿಳಿಯುವುದೂ ಆಳುವುದೂ ಜೊತೆಜೊತೆಯಾಗಿ ನಡೆದವು.

ಕೈಗಾರಿಕಾ ಕ್ರಾಂತಿಯು ಈ ಸೀಮೆಯನ್ನು ಮುಟ್ಟಿದುದು ಮುಖ್ಯವಾಗಿ ರೇಷ್ಮೆಯ ನೂಲಿನಿಂದ. ಟಿಪ್ಪುವು ೧೭೮೬ರ ಸುಮಾರಿನಲ್ಲಿ ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ಮೈಸೂರಿನಲ್ಲಿ ಈ ಕಸುಬನ್ನು ಪ್ರೋತ್ಸಾಹಿಸಿದನು. ಹತ್ತೊಂಬತ್ತನೆಯ ಶತಮಾನದ ನಡುವೆ ಯೂರೋಪಿನ ರೇಷ್ಮೆಹುಳುಗಳಿಗೆ ಮಹಾರೋಗ ಬಡಿದು, ಪಾಶ್ಚರನಂತಹ ವಿಜ್ಞಾನಿ ಅದರ ಕಾರಣವನ್ನು ಹುಡುಕುವಂತಾಯಿತು. ಮೈಸೂರಿನ ಹುಳುಗಳೂ ೧೮೬೦ರ ದಶಕದಲ್ಲಿ ರೋಗಕ್ಕೆ ತುತ್ತಾದವು. ಡಿ ವೆಕ್ಕಿ ಎಂಬ ಇಟಲಿಯವನು ಜಪಾನಿನ ಮೊಟ್ಟೆಗಳನ್ನು ತರಿಸಿ ಕಸುಬನ್ನು ಉಳಿಸಲು ಯತ್ನಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಸಂಸ್ಥಾನದ ಸರ್ಕಾರವು ಇದನ್ನು ಮತ್ತೆ ಬೆಳೆಸಿತು; ಕೊಳ್ಳೇಗಾಲ, ಮಾಂಬಳ್ಳಿ, ಸಂತೇಮರಹಳ್ಳಿಗಳ ಹೆಸರು ರೇಷ್ಮೆಯೊಡನೆ ಸೇರಿಕೊಂಡಿತು. ಆದರೆ ೧೯೨೯ರ ಆರ್ಥಿಕ ಕುಸಿತದ ಬಳಿಕ ಜಪಾನು ಚೀಣಗಳ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಮಾರುಕಟ್ಟೆಗೆ ನುಗ್ಗಿ ಬೆಲೆಗಳು ಬಿದ್ದವು. ಯೊಕೊಹಾಮದ ಬೆಲೆಗೆ ಸಂತೇಮರಹಳ್ಳಿಯ ರೈತನು ಹಿಪ್ಪುನೇರಳೆಯನ್ನು ಕಿತ್ತುಹಾಕಬೇಕೋ ಉಳಿಸಬೇಕೋ ಎಂದು ಯೋಚಿಸುವ ಕಾಲ ಬಂದಿತು. ಕಾರ್ಖಾನೆಯ ಹೊಗೆಕೊಳವೆ ಕಾಣದ ಊರಿನಲ್ಲಿಯೂ ಕೈಗಾರಿಕೆಯ ಯುಗವು ಇರಬಹುದೆಂಬುದಕ್ಕೆ ಇದು ನಿದರ್ಶನ.

ಉಗಿಬಂಡಿಯು ನಿಧಾನವಾಗಿ ಬಂದಿತು. ಮೈಸೂರಿನಿಂದ ನಂಜನಗೂಡಿಗೆ ೧೮೯೧ರಲ್ಲಿ ತಲುಪಿದ ರೈಲುದಾರಿ ಚಾಮರಾಜನಗರವನ್ನು ಮುಟ್ಟಿದುದು ೧೯೨೬ರಲ್ಲಿ. ಘಟ್ಟವನ್ನಿಳಿದು ಕೊಯಮತ್ತೂರಿನ ಕಡೆ ಸಾಗದೆ ಅಲ್ಲಿಯೇ ನಿಂತಿತು. ಸೇನೆಗಳು ನಿರಾಯಾಸವಾಗಿ ದಾಟಿದ ಗಡಿಯನ್ನು ರೈಲು ದಾಟಲಿಲ್ಲ. ಗುಂಡ್ಲುಪೇಟೆಗಂತೂ ರೈಲೇ ಬರಲಿಲ್ಲ.

ಕಾಡಿನ ಮೇಲಾದ ಪರಿಣಾಮ ಇವೆಲ್ಲಕ್ಕಿಂತ ದೀರ್ಘವಾದುದು. ಅಮೆರಿಕದ ಮೂಲದ ಲಂಟಾನ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಂದಕ್ಕಾಗಿ ತಂದರು. ಇಂದು ಅದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನಲ್ಲಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ಅದುಮಿ ಹಬ್ಬಿದೆ. ಅದರಿಂದ ಕಷ್ಟಕ್ಕೊಳಗಾದವರಲ್ಲಿ ಸೋಲಿಗರೂ ಸೇರಿದ್ದಾರೆ. ಅದರ ಕಾಂಡದಿಂದ ಬುಟ್ಟಿ, ಕುರ್ಚಿ, ಆನೆಯ ಪ್ರತಿಮೆಗಳನ್ನು ಹೆಣೆದು ಜೀವನೋಪಾಯ ಮಾಡಿಕೊಂಡವರಲ್ಲಿಯೂ ಅವರೇ ಇದ್ದಾರೆ. ಯಾವ ಒಪ್ಪಂದದಲ್ಲಿಯೂ ಹೆಸರಿಲ್ಲದ ಈ ಗಿಡವು ಸಾಮ್ರಾಜ್ಯಕ್ಕಿಂತ ಹೆಚ್ಚು ಕಾಲ ಬಾಳಿದೆ.

೮. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಮೂರು ತೀರ್ಮಾನಗಳನ್ನು ತಳೆಯಬಹುದು. ಮೊದಲನೆಯದಾಗಿ, ಹದಿನೇಳನೆಯ ಶತಮಾನದ ಮೈಸೂರು ಆಧುನಿಕ ರಾಜ್ಯದ ಲಕ್ಷಣಗಳನ್ನು ತಾನಾಗಿಯೇ ರೂಪಿಸಿಕೊಳ್ಳುತ್ತಿದ್ದಿತು. ಅವು ಪರರಿಂದ ಬಂದ ವರಗಳಲ್ಲ. ಎರಡನೆಯದಾಗಿ, ಸಾಮ್ರಾಜ್ಯವು ಇಲ್ಲಿಯ ಅರಸೊತ್ತಿಗೆಯನ್ನು ನಾಶಮಾಡದೆ ವಿಭಾಗಿಸಿತು. ಬಲವನ್ನು ತಾನು ತೆಗೆದುಕೊಂಡು ನೆನಪನ್ನು ದೊರೆಗೆ ಬಿಟ್ಟಿತು. ಗುಂಡ್ಲುಪೇಟೆಯ ಕೋಟೆಗೂ ಚಾಮರಾಜನಗರದ ಗುಡಿಗೂ ಇರುವ ವ್ಯತ್ಯಾಸವು ಈ ವಿಭಾಗದ ಅಳತೆ. ಮೂರನೆಯದಾಗಿ, ಇವುಗಳ ನಡುವೆ ಸಾಮಾನ್ಯ ಜನರು ಪಡೆದುದೂ ಕಳೆದುಕೊಂಡುದೂ ರಾಜಕೀಯದ ಲೆಕ್ಕದಿಂದ ಬೇರೆಯಾದುದು. ಮೆಣಸಿನಕಾಯಿಯೂ ದೇವಿ ಹಾಕುವ ವಿದ್ಯೆಯೂ ಲಂಟಾನವೂ ರೇಷ್ಮೆಯ ಬೆಲೆಯೂ ದೊರೆಗಳನ್ನು ಕೇಳಿ ಬರಲಿಲ್ಲ, ದೊರೆಗಳೊಡನೆ ಹೋಗಲೂ ಇಲ್ಲ.

ಈ ಎರಡು ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕೆಲಸ ಬಹಳವಿದೆ. ತೆರಕಣಾಂಬಿಯಿಂದ ಹರದನಹಳ್ಳಿಯವರೆಗಿನ ಶಾಸನಗಳನ್ನು ದಾರಿಗಳ ಭೂಪಟದೊಡನೆ ಇಟ್ಟು ಓದಬಹುದು. ಹಳೆಯ ಸುಂಕದ ಕಟ್ಟೆಗಳ ನೆಲೆಗಳನ್ನು ಗುರುತಿಸಬಹುದು. ಹೊಲಗಳ ಹೆಸರುಗಳನ್ನೂ, ಮನೆಯ ಹಿರಿಯರು ಹೇಳುವ ರೇಷ್ಮೆಯ ಕಷ್ಟಕಾಲದ ವೃತ್ತಾಂತಗಳನ್ನೂ ಸಂಗ್ರಹಿಸಬಹುದು. ವಿಶ್ವದ ಇತಿಹಾಸದ ಪರೀಕ್ಷೆಗೆ ಓದುವ ವಿದ್ಯಾರ್ಥಿಯು ಅದರ ಒಂದು ಅಧ್ಯಾಯವನ್ನಾದರೂ ತನ್ನ ತಾಲ್ಲೂಕಿನಲ್ಲಿಯೇ ನಡೆದು ನೋಡಬಲ್ಲನಾದರೆ, ಬೋಧಕರ ಶ್ರಮವು ಸಾರ್ಥಕವಾಗುವುದು.